ಅಪ್ಪನ ಕೈಯ ಅಳತೆ

ಅಣ್ಣಾ,

ಅಪ್ಪನ ಟೈಲರ್ ಅಂಗಡಿ ಬಾಗಿಲು ತೆಗೆಯಬೇಕು, ಹೊರಟೆ. ಎರಡು ಸಲ ಹೊಸಿಲವರೆಗೆ ಹೋಗಿ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಹತ್ತಕ್ಕೆ ಅಪ್ಪನ ಕೈಗೆ ಐದನೇ ಶಾಕ್‌ವೇವ್, ಬಿಗಿದ ಸ್ನಾಯು ಸಡಿಲಿಸುವ ಆ ಚಿಕಿತ್ಸೆ; ನೀನೇ ಕರೆದುಕೊಂಡು ಹೋಗು. ಮುಂದುವರಿಸುವುದೋ ಬಿಡುವುದೋ ಎಂದು ಡಾಕ್ಟರು ಇವತ್ತೇ ಹೇಳುತ್ತಾರೆ.

ಡಾಕ್ಟರು "ಹೇಗಿದೆ ಯಜಮಾನ್ರೇ?" ಎಂದರೆ ಅಪ್ಪ, "ಎಲ್ಲಾ ಹಾಗೇ ಇದೆ, ಸುಮ್ನೆ ಯಾಕೆ ಓಡಾಟ" ಅಂದುಬಿಡುತ್ತಾರೆ. ನೀನು ಕೋಲೆಬಸವನ ಹಾಗೆ ತಲೆಯಾಡಿಸಬೇಡ. ಬಿಡಿಸಿ ತೋರಿಸಲು ಹೋಗಿ ಅವರ ಬೆರಳು ಹಿಡಿದು ಎಳೆಯಲೂ ಬೇಡ.

ಆಸ್ಪತ್ರೆ ಚೀಲದಲ್ಲಿ ಕಾಗದದ ಸುರುಳಿ ಇದೆ. ಸ್ಟ್ರೋಕ್ ಆಗಿ ಬಿಗಿದ ಆ ಮುಷ್ಟಿಯ ಸುತ್ತ ದಿನಾ ಬೆಳಿಗ್ಗೆ ಅವರದೇ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೇನೆ. ಡಾಕ್ಟರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನೀನೇ ಬಿಚ್ಚಿ ತೋರಿಸು.

ಇವತ್ತಿನ ಗೆರೆಯಲ್ಲಿ ಮೊದಲ ಸಲ ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂದಿದೆ. ಅಪ್ಪನೂ ನೋಡಿದರು. ನೋಡಿ, ಗೋಡೆ ಕಡೆ ಮುಖ ತಿರುಗಿಸಿಕೊಂಡರು.