ಸಾಗವಾನಿಯ ಹನ್ನೆರಡು ಬಟ್ಟಲು

ದೇಗಾಂವ
24 ಜನವರಿ 1999, ರವಿವಾರ

ಚಿ. ಕು. ಮೀನಾಳಿಗೆ,

ನಿನ್ನ ಸೋದರಮಾವ ನಿಜಗುಣಪ್ಪನ ಆಶೀರ್ವಾದಗಳು. ನಾನು, ನಿನ್ನ ಅತ್ತಿ ಇಂದ್ರವ್ವ, ಎರಡೂ ಎತ್ತು, ಎಲ್ಲರೂ ಉಣ್ಣುತ್ತ ತಿರುಗುತ್ತ ಇದ್ದೇವೆ. ಹೋದ ವಾರ ಬೈಲಹೊಂಗಲಕ್ಕೆ ಹೋಗಿ ನಿನ್ನ ಅವ್ವನಿಗೆ ಕುಸುರೆಳ್ಳು ಕೊಟ್ಟು ಬಂದೆ. ಆಕೆಯೂ ಆರಾಮ ಇದ್ದಾಳೆ, ಧಾರವಾಡದ ಥಂಡಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ನಿನಗೆ ಹೇಳಿದ್ದಾಳೆ.

ನಿನ್ನ ಪತ್ರ ಸಂಕ್ರಾಂತಿಗೆ ಮೊದಲೇ ಬಂದಿತ್ತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಕಡಲೆ ಕೀಳುವ ಕೆಲಸವಿತ್ತು ಎಂದು ಬರೆದರೆ ನೀನು ನಂಬುತ್ತೀ, ಆದರೆ ಅದು ಕಾರಣವಲ್ಲ. ಮೂರು ಸಲ ಬರೆಯಲು ಕುಳಿತು ಮೂರು ಸಲ ಹರಿದು ಹಾಕಿದೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಇಡೀ ಕಿತ್ತೂರಿಗೇ ಹೆಚ್ಚಿನ ಅಂಕ ತೆಗೆದವನು ನಾನು. ಆ ಕೈ ಈಗ ಎರಡು ಸಾಲಿಗೇ ಸೋಲುತ್ತದೆ. ಮೊದಲಿನಿಂದ ಹೇಳುತ್ತೇನೆ, ಹಾಗಾದರೂ ಕೈ ಮುಂದೆ ಓಡೀತು.

ಜೂನ್ ತಿಂಗಳಲ್ಲಿ ನೀನು ಯುನಿವರ್ಸಿಟಿಯ ಅಭ್ಯಾಸಕ್ಕೆಂದು ಚೀಲದ ತುಂಬ ಪ್ಲಾಸ್ಟಿಕ್ ಬಟ್ಟಲು ತಂದಾಗ, ಐಸ್‌ಕ್ರೀಮ್ ಮಾಡಲು ಬಂದಿದ್ದೀ ಎಂದು ನಕ್ಕವನು ನಾನೇ. ಚಕ್ಕಡಿ ದಾರಿಯ ಆಚೆ ಹಳೇ ಅಡವಿಯಲ್ಲಿ ಹನ್ನೆರಡು, ಈಚೆ ಸಾಗವಾನಿಯ ನೆಡುತೋಪಿನಲ್ಲಿ ಹನ್ನೆರಡು. ನಡೆದಾಡುವ ಹುಳ ತಾನಾಗಿ ಒಳಗೆ ಬೀಳಲೆಂದು ಬಟ್ಟಲಿನ ಅಂಚು ನೆಲಕ್ಕೆ ಸಮ ಬರುವಂತೆ ಹೂತೆವು. ಆ ಕರೇ ಹುಳವನ್ನು ಅಂಗೈಯಲ್ಲಿಟ್ಟು ನೀನು ತೋರಿಸಿದ್ದೆ. ಬೆನ್ನಿನ ಚಿಪ್ಪು ಎರಡೂ ಕೂಡಿ ಒಂದಾಗಿದೆ, ಕೆಳಗೆ ರೆಕ್ಕೆಯೇ ಇಲ್ಲ.

“ಹಾರಾಕ ಬರೂದಿಲ್ಲ ಮಾಮಾ ಇದಕ್ಕ. ಹುಟ್ಟಿದಲ್ಲೇ ಬಾಳೇವು. ನೆಳ್ಳು ಬೇಕೋ, ಹಸಿ ಮಣ್ಣು ಬೇಕೋ, ವರ್ಷಗಟ್ಲೆ ಬಿದ್ದ ಎಲಿ ಬೇಕೋ, ಬೆಂಕಿ ಕಾಣದ ನೆಲಾ ಬೇಕೋ, ಇದರಾಗ ಯಾವುದು ಇದನ್ನ ಒಂದ ಕಡೆ ಹಿಡದಿಡತೈತಿ ಅಂತ ನೋಡೂದು,” ಎಂದೆ ನೀನು.

“ನನ್ನ ಕೇಳಿದ್ರ ಈಗ ಹೇಳತಿದ್ನಲ್ಲ, ಅದಕ್ಯಾಕ ಇಷ್ಟು ಬಟ್ಟಲಾ?” ಎಂದು ನಾನು ಜಂಬ ಕೊಚ್ಚಿದ್ದೆ.

ಅಂದಿನಿಂದ ಪ್ರತಿ ಸೋಮವಾರ ಹೋಗಿದ್ದೇನೆ. ಬಿದ್ದ ಹುಳ ಎಣಿಸುವುದು, ಬಿಟ್ಟುಬಿಡುವುದು, ವಹಿಯಲ್ಲಿ ಬರೆಯುವುದು. ಮೊಣಕಾಲು ಈಗ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಇಪ್ಪತ್ತನಾಲ್ಕು ಸಲ ಬಗ್ಗಿ ಏಳುವಷ್ಟರಲ್ಲಿ ನನಗೆ ಯಾರದೋ ಸೊಂಟ ಕೊಟ್ಟಂತಾಗುತ್ತದೆ. ಆದರೆ ನಾನು ಕಲಿತೆ, ಮೀನವ್ವಾ. ಹಳೇ ಅಡವಿಯಲ್ಲಿ ಮತ್ತಿ, ನೇರಲದ ಎಲೆಯೊಳಗೆ ಎರಡು ಬೆರಳು ಇಳಿಸಿದರೆ ಮಣ್ಣು ತಂಪು, ಡಿಸೆಂಬರಿನಲ್ಲೂ ತಂಪು. ಸಾಗವಾನಿಯ ಎಲೆ ಹಪ್ಪಳವಿದ್ದಂತೆ, ಅದರಡಿಯ ನೆಲ ರೊಟ್ಟಿ ಬೇಯಿಸಿ ಇಳಿಸಿದ ಹಂಚು. ನಡುವೆ ಚಕ್ಕಡಿ ದಾರಿ ಹತ್ತು ಹೆಜ್ಜೆ ಅಗಲವೂ ಇಲ್ಲ. ಆ ಹುಳ ದಾರಿಯ ಅಂಚಿಗೆ ಬಂದು, ಮೀಸೆಯಾಡಿಸಿ, ತಿರುಗಿ ಹೋಗುವುದನ್ನು ಬಂಡೆಯ ಮೇಲೆ ಕುಳಿತು ಎಷ್ಟೋ ಸಲ ನೋಡಿದ್ದೇನೆ. ಆಚೆ ಏಳು, ಹತ್ತು, ಹದಿಮೂರು. ಈಚೆ ಹನ್ನೆರಡೂ ಬಟ್ಟಲಿಗೆ ಸೊನ್ನೆ. ವಾರ ವಾರವೂ ಸೊನ್ನೆ.

ಚಹಾದ ಅಂಗಡಿಯ ಬಸಯ್ಯ ಗೊತ್ತಲ್ಲ, ಸೋಮವಾರ ನನ್ನ ದಾರಿ ಕಾಯುತ್ತಿದ್ದ.

“ಇವತ್ತ ಸಾಗವಾನ್ಯಾಗ ಎಷ್ಟು ಸಿಕ್ಕುವು, ನಿಜಗುಣಪ್ಪಣ್ಣಾ?”

“ಒಂದೂ ಇಲ್ಲ.”

“ಅಂದ್ರ ಸೊನ್ನಿ ಎಣಸಾಕ ನಿಮ್ಮನ್ನ ಇಟ್ಟಾರನ್ರಿ ಯುನಿವರ್ಸಿಟಿಯವರು?”

ಕುಳಿತವರೆಲ್ಲ ನಕ್ಕರು. ನಾನು ಬಿಡುತ್ತೇನೆಯೇ? ಆ ಹುಳ ಅರೆದು ಕೆಮ್ಮಿಗೆ ಔಷಧ ಮಾಡುತ್ತಾರೆ, ಗುಟ್ಟಿನ ವಿಷಯ ಎಂದು ಅವನ ಕಿವಿಯಲ್ಲಿ ಹೇಳಿದೆ. ಮರುದಿನ ಬಸಯ್ಯ ಮನೆಗೆ ಬಂದು, “ಒಂದ ನಾಕ ನಮ್ಮವ್ವಗ ಕೊಡ್ರಿ,” ಎನ್ನಬೇಕೇ! ಇಂದ್ರವ್ವ ಮೂರು ದಿನ ನಕ್ಕಳು. ನನಗೆ ನಗು ಬರಲಿಲ್ಲ. ಸೊನ್ನೆ ಬರೆದು ಬರೆದು ದಣಿದಿದ್ದೆ. “ಸೊನ್ನಿನೂ ಬೇಕು ಮಾಮಾ, ಬಿಡದ ಬರಿ,” ಎಂದು ನೀನು ಕಾಗದ ಹಾಕಿದ್ದೆ. ನಿನಗೆ ಬೇಕಿರಬಹುದು. ಉತ್ತಿ ಬಿತ್ತುವವನಿಗೆ ಬರಿದಾದ ಬಟ್ಟಲು ನೋಡಿ ಬರುವುದು ಕಷ್ಟ.

ಈಗ ಹೇಳಬೇಕಾದ್ದಕ್ಕೆ ಬಂದೆ.

ಡಿಸೆಂಬರ್ ಹದಿನೆಂಟರಂದು ಎಳ್ಳಮವಾಸ್ಯೆ. ಹೊಲಕ್ಕೆ ಬುಟ್ಟಿ ಹೊತ್ತುಕೊಂಡು ಹೋಗಿ, ಪೂಜೆ ಮಾಡಿ, ಕಡಬು, ಅನ್ನ, ಸಜ್ಜೆ ರೊಟ್ಟಿ, ಪಲ್ಯ ಎಲ್ಲ ಕಲಸಿ ಚರಗ ಚೆಲ್ಲಿದೆವು. ನಾನು ಮುಂದೆ ಚೆಲ್ಲುತ್ತ, ನಿನ್ನ ಅತ್ತಿ ಹಿಂದೆ ತಂಬಿಗೆಯಿಂದ ನೀರು ಸಿಂಪಡಿಸುತ್ತ. ಎಲ್ಲ ಮುಗಿದ ಮೇಲೂ ಬುಟ್ಟಿಯಲ್ಲಿ ಅರ್ಧ ಉಳಿದಿತ್ತು. ಭೂಮಿತಾಯಿಯ ಮೈಮೇಲಿನ ಇಲಿಗೂ ಇರುವೆಗೂ ಉಣ್ಣಿಸುವ ದಿನ, ನಮ್ಮ ಮೀನಾಳ ಹುಳಗಳೇಕೆ ಉಪವಾಸ ಇರಬೇಕು ಎನ್ನಿಸಿತು. ಅಡವಿಯ ಕಡೆ ತಿರುಗಿದೆ.

“ಅಡವಿಗೆ ಯಾರರ ಚರಗ ಚೆಲ್ಲತಾರೇನ್ರಿ?” ಎಂದಳು ಇಂದ್ರವ್ವ. “ಹೊಲಾ ನಮ್ದು. ಅದು ಸರಕಾರದ್ದು.”

“ಹುಳಾ ನಮ್ಮ ಹುಡಿಗೀವು. ನೀ ಸುಮ್ನ ನೀರು ಹಾಕ್ಕೋಂತ ಬಾ.”

“ಆಕಿ ಕೇಳಿದ್ರ?”

“ಕೇಳಿದ್ರ ನನ್ನ ಹೆಸರು ಹೇಳು.”

ಹಳೇ ಅಡವಿಯ ಅಂಚಿನಿಂದ ಹಿಡಿದು, ಚಕ್ಕಡಿ ದಾರಿಗೆ ಅಡ್ಡವಾಗಿ, ಸಾಗವಾನಿಯ ಮೊದಲ ಮೂರು ಬಟ್ಟಲಿನ ತನಕ ಹಿಡಿ ಹಿಡಿಯಾಗಿ ಚೆಲ್ಲಿದೆ. ಅವಳು ಎರಡು ಕೊಡ ನೀರು ಹನಿಸಿದಳು. ದಾರಿಯ ಮೇಲೆ ಒಂದು ಹಸಿ ಪಟ್ಟೆಯೇ ಮೂಡಿತು.

ಸೋಮವಾರ ನೋಡಿದರೆ ಆ ಮೂರು ಬಟ್ಟಲಿನಲ್ಲಿ ಇಪ್ಪತ್ತೇಳು ಹುಳ! ಮುಂದಿನ ಸೋಮವಾರ ಒಂಬತ್ತು. ಸುಳ್ಳು ಬರೆಯಲಿಲ್ಲ, ಎಣಿಸಿದ್ದನ್ನೇ ಬರೆದೆ. ಚರಗದ ಮಾತೊಂದನ್ನು ಬರೆಯಲಿಲ್ಲ. ಆ ಎರಡು ವಾರದ ಹಾಳೆ ಅಂಚೆಗೆ ಹಾಕಿ, ಬಸಯ್ಯನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಅದಕ್ಕೆ ಬಂದದ್ದು ನಿನ್ನ ಪತ್ರ. “ಮಾಮಾ, ಸರ್ ಭಾಳ ಖುಷಿ ಆಗ್ಯಾರ. ದಾರಿ ಹುಳಕ್ಕ ಅಡ್ಡಿ ಅಲ್ಲ, ಸಾಗವಾನಿ ನೆಲಾನೂ ಅದಕ್ಕ ಒಗ್ಗತೈತಿ ಅನ್ನೂದು ಹೊಸಾ ವಿಚಾರ ಅಂತ. ಫೆಬ್ರುವರಿ ಎಂಟಕ್ಕ ಯುನಿವರ್ಸಿಟ್ಯಾಗ ಎಲ್ಲಾರ ಮುಂದ ಇದನ್ನ ಓದಾಕಿ ನಾನು.” ಓದಿದವನು ಕಟ್ಟೆಯ ಮೇಲೆ ಹಾಗೇ ಕುಳಿತೆ.

ಓದಬೇಡ, ಮೀನವ್ವಾ. ಹುಳ ತಾನಾಗಿ ದಾಟಲಿಲ್ಲ. ನಾನು ಅನ್ನ ಹಾಕಿ, ನೀರು ಹಾಕಿ ದಾಟಿಸಿದೆ. ಜನವರಿ ನಾಲ್ಕಕ್ಕೆ ಎರಡೇ ಇದ್ದವು. ಹನ್ನೊಂದಕ್ಕೆ ಸೊನ್ನೆ, ಹದಿನೆಂಟಕ್ಕೂ ಸೊನ್ನೆ. ಬಟ್ಟಲಿನ ಸುತ್ತ ಸಾಗವಾನಿ ಎಲೆ ಎತ್ತಿ ನೋಡಿದೆ. ಹದಿನಾರು ಸತ್ತಿದ್ದವು, ಕಡಲೆಯ ಹೊಟ್ಟಿನಂತೆ ಹಗುರ. ಹಸಿ ಪಟ್ಟೆ ಆರಿದ ಮೇಲೆ ತಿರುಗಿ ಹೋಗಲು ಅವಕ್ಕೆ ದಾರಿ ಇರಲಿಲ್ಲ, ಹಾರಲು ರೆಕ್ಕೆಯೂ ಇರಲಿಲ್ಲ. ಒಂದು ಇನ್ನೂ ಕಾಲಾಡಿಸುತ್ತಿತ್ತು. ಎತ್ತಿ ಆಚೆ ಬಿಡಲು ಕೈ ಚಾಚಿದೆ. ಮತ್ತೆ ನಿನ್ನ ಲೆಕ್ಕ ಕೆಡುತ್ತದೆ ಎಂದು ಕೈ ಹಿಂದೆ ತೆಗೆದೆ. ಅಷ್ಟು ಹೊತ್ತು ನಾನು ಎಂದೂ ಆ ಬಂಡೆಯ ಮೇಲೆ ಕುಳಿತಿರಲಿಲ್ಲ.

ಚರಗ ಚೆಲ್ಲಿದ ದಿನ, ಜಾಗ, ಎಷ್ಟು ಕೊಡ ನೀರು, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಜನವರಿಯ ಸೊನ್ನೆಗಳೂ ಅದರಲ್ಲಿವೆ. ಸರ್ ಅವರಿಗೆ ತೋರಿಸು. ಬೈದರೆ ತಲೆ ತಗ್ಗಿಸಿ ಕೇಳು, ಆ ಬೈಗುಳ ನನ್ನದು. ಬಟ್ಟಲು ಬೇರೆ ಯಾರಿಗಾದರೂ ಒಪ್ಪಿಸುತ್ತೇನೆ ಎಂದು ನೀನು ಅಂದರೂ ನನ್ನ ಅಡ್ಡಿ ಇಲ್ಲ. ಬೇರೆಯವರು ಸಿಗುವ ತನಕ ಸೋಮವಾರ ತಪ್ಪಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಓದು ದೊಡ್ಡದಾಗಲಿ, ನಿನ್ನ ಹೆಸರು ನನ್ನ ಬಡಾಯಿಗಿಂತ ದೊಡ್ಡದಾಗಲಿ. ಅತ್ತಿ ನಿನಗೆ ಗುಳ್ಳಡಕಿ ಉಂಡಿ ಕಟ್ಟಿಟ್ಟಿದ್ದಾಳೆ.

ಇಂತಿ ನಿನ್ನ ಮಾಮಾ,
ನಿಜಗುಣಪ್ಪ

ತಾ.ಕ.: ಪಾಕೀಟಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ದೀಪಾವಳಿ ಆದ ಮೇಲೆ ನಿಮ್ಮ ಸರ್ ಬಂದಿದ್ದರಲ್ಲ, ನಾನು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದಿದ್ದ ದಿನ. ಸಾಗವಾನಿಯ ಒಂಬತ್ತನೇ ಬಟ್ಟಲಿನ ಹತ್ತಿರ ಅವರು ನನ್ನ ಕಡೆ ನೋಡಿ, “ಇವರು ಯಾರು?” ಎಂದರು. ನೀನು, “ಊರಾಗಿನವರು ಸರ್, ಬಟ್ಟಲಾ ನೋಡ್ಕೊಳ್ಳಾಕ ಇಟ್ಟೀನಿ,” ಎಂದೆ. ನಾನು ಬಗ್ಗಿ ಹುಳ ಎಣಿಸುತ್ತಿದ್ದೇನೆ, ಕೇಳಿಸಲಿಲ್ಲ ಎಂದು ನೀನು ತಿಳಿದಿರಬೇಕು. ಆ ಬಟ್ಟಲಿನಲ್ಲಿ ಹುಳವೇ ಇರಲಿಲ್ಲ, ಮೀನವ್ವಾ. ಸುಮ್ಮನೆ ಬಗ್ಗಿದ್ದೆ. ಚರಗವನ್ನು ಹುಳದ ಹೊಟ್ಟೆಗಾಗಿ ಮಾತ್ರ ಚೆಲ್ಲಲಿಲ್ಲ. ಅಲ್ಲಿ ಸೊನ್ನೆ ಹೋಗಿ ಏನಾದರೊಂದು ಬಂದರೆ, ಅವರ ಮುಂದೆ ನೀನು ನನ್ನನ್ನು ಮಾಮಾ ಎನ್ನಬಹುದು ಎಂದಿತ್ತು. ಈಗ ಸರ್ ಕೇಳಿಯೇ ಕೇಳುತ್ತಾರೆ, ಈ ತಪ್ಪು ಮಾಡಿದವರು ಯಾರು ಎಂದು. ಆಗ ಊರಾಗಿನವರು ಎನ್ನಬೇಡ. ನಮ್ಮ ಮಾಮಾ ಎನ್ನು.