ಪಾಸಾದ ನನ್ನ ಅವ್ವ

ಚಿತ್ರಕಲಾ ಶಾಲೆಯ ಮಾನ್ಯ ಮುಖ್ಯಾಧಿಕಾರಿಗಳೇ, ನನ್ನನ್ನು ನಪಾಸು ಮಾಡಿ.

ಬೆಚ್ಚಬೇಡಿ. ಪಾಸು ಮಾಡಿರೆಂದು ಕೈಮುಗಿಯುವವರನ್ನು ತಾವು ದಿನವೂ ನೋಡುತ್ತೀರಿ. ಇದು ಅಪರೂಪದ ಅರ್ಜಿ. ಕಾರಣ ತಮ್ಮದೇ ಕಾನೂನು: ಕೊನೆಯ ಪರೀಕ್ಷೆಯಲ್ಲಿ ಪಾಸಾದ ಚಿತ್ರ ನಿಜಾಮ ಸರಕಾರದ ಸೊತ್ತು, ನಪಾಸಾದದ್ದು ವಿದ್ಯಾರ್ಥಿಗೆ ವಾಪಸು. ನನ್ನ ಚಿತ್ರ ಪ್ರಥಮ ದರ್ಜೆಯಲ್ಲಿ ಪಾಸಾಯಿತು. ಅದರಲ್ಲಿರುವುದು ನನ್ನ ತಾಯಿ ಅನಂತಮ್ಮ.

ಬೇಸಿಗೆ ರಜೆಯಲ್ಲಿ, ನಾರಾಯಣಪೇಟೆಯ ನಮ್ಮ ಮನೆಯಲ್ಲಿ, ಆಕೆಯನ್ನು ಮಗ್ಗದ ಪಕ್ಕ ಕೂರಿಸಿ ಪರೀಕ್ಷೆಗೆಂದು ಬರೆದ ಚಿತ್ರ. ಹರಿದ ಎಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದಳು: “ನನ್ನ ಮೂಗೇನು ಓಡಿ ಹೊಂಟೈತೇನೋ? ಲಗೂನ ಬರಿ, ರೊಟ್ಟಿ ಬಡೀಬೇಕು ನಾ.” ಎಳೆ ಕಚ್ಚಿ ತುಸು ಸೊಟ್ಟಗಾದ ಆ ತುಟಿಯನ್ನು ಇದ್ದ ಹಾಗೇ ಬರೆದೆ. ತಮ್ಮ ಪರೀಕ್ಷಕರು ಹೊಗಳಿದ್ದೂ ಅದನ್ನೇ. ಫಲಿತಾಂಶ ಬರುವ ಮೊದಲೇ ಆಕೆ ಜ್ವರದಲ್ಲಿ ಹೋದಳು. ಮನೆಯಲ್ಲಿ ಆಕೆಯ ಫೋಟೋ ಒಂದೂ ಇಲ್ಲ.

ಆ ಮುಖವನ್ನು ಒಂದು ಸಲ ನೋಡಬೇಕೆಂದು ನನ್ನ ತಂದೆ ಬಾಲಯ್ಯ ಮಗ್ಗ ನಿಲ್ಲಿಸಿ ಹೈದರಾಬಾದಿಗೆ ಬಂದರು. ಚಿತ್ರಗಳ ಗೋದಾಮಿನ ಬಾಗಿಲಿಗೆ ತಮ್ಮ ಚೌಕಿದಾರ ಅಡ್ಡ ನಿಂತ: “ಸಾಹೇಬರ ಚಿಟ್ಠಿ ಬೇಕ್ರೀ.” ಅಪ್ಪ ನಕ್ಕುಬಿಟ್ಟರು. “ಅಕಿ ಇದ್ದಾಗ ದಿನಾ ಜಗಳ ಆಡೀನಿ, ಯಾರೂ ಚಿಟ್ಠಿ ಕೇಳಲಿಲ್ಲ. ಈಗ ನೋಡಾಕ ಬೇಕೇನಪಾ?” ಹೊರಬಾಗಿಲು ದಾಟುವವರೆಗೂ ಆ ನಗು ಉಳಿಯಲಿಲ್ಲ.

ಚಿಟ್ಠಿಗಾಗಿ ತಮ್ಮ ಮುಂದೆ ಬಂದು ನಿಂತೆ. “ನೀನು ಕಲಾವಿದನಲ್ಲವೇ? ಇನ್ನೊಂದು ಬರೆದುಕೋ,” ಎಂದಿರಿ. ಯಾರನ್ನು ಕೂರಿಸಿಕೊಂಡು ಬರೆಯಲಿ, ಸ್ವಾಮಿ? ನೆನಪಿನಿಂದ ಬರೆದರೆ ತುಟಿ ನೆಟ್ಟಗಾಗುತ್ತದೆ. ತಮ್ಮ ಶಾಲೆ ಕಲಿಸಿದ ತುಟಿ ಬರುತ್ತದೆ, ಆಕೆಯದಲ್ಲ.

ಕಲೆಯ ಇತಿಹಾಸದ ಪಾಠದಲ್ಲಿ ತಾವೇ ಮೇಜು ಗುದ್ದಿ ಹೇಳಿದಿರಿ, ನಮ್ಮ ಗುಡಿಗಳ ಶಿಲ್ಪಗಳನ್ನು ಪರದೇಶದವರು ಹೊತ್ತೊಯ್ದದ್ದು ಲೂಟಿಯೆಂದು. ನಾವು ಚಪ್ಪಾಳೆ ತಟ್ಟಿದೆವು. ಅವರಾದರೂ ಹೊತ್ತೊಯ್ದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನಕ್ಕೆ ತೋರಿಸುತ್ತಾರೆ. ತಾವು? ನಮ್ಮ ಚಿತ್ರಗಳನ್ನು ಗೋದಾಮಿನ ಕತ್ತಲಲ್ಲಿ ಗೋಡೆಗೆ ಮುಖಮಾಡಿಸಿ ಒರಗಿಸಿದ್ದೀರಿ. ಆ ಕತ್ತಲಲ್ಲಿ ಇನ್ನೂ ಎಷ್ಟು ಮಕ್ಕಳ ಅವ್ವ, ಅಪ್ಪಂದಿರು ಗೋಡೆ ನೋಡುತ್ತ ನಿಂತಿದ್ದಾರೆ? ಚಿತ್ರ ಬರೆದ ಬಟ್ಟೆ ಸರಕಾರದ್ದು, ಬಣ್ಣ ಸರಕಾರದ್ದು, ಒಪ್ಪಿದೆ. ಮುಖವೂ ಸರಕಾರದ್ದೇ?

ನಪಾಸಾದರೆ ಮಕ್ತಲ ಶಾಲೆಯ ಡ್ರಾಯಿಂಗ್ ಮಾಸ್ತರಿಕೆ ಕೈತಪ್ಪುತ್ತದೆ. ಪಾಸಾದರೆ ಅವ್ವ ಕೈತಪ್ಪುತ್ತಾಳೆ. “ನೌಕರಿ ಬಿಡಬ್ಯಾಡೋ, ಅಕಿ ಮಾರಿ ನನಗ ನೆನಪೈತಿ ತಗೋ,” ಎನ್ನುತ್ತಾರೆ ಅಪ್ಪ. ಎಂದವರೇ ಮಗ್ಗದ ಪಕ್ಕದ ಖಾಲಿ ಜಾಗ ನೋಡುತ್ತಾರೆ. ಅವರ ಮಾತು ಕೇಳಿದರೂ ಸೋತೆ, ಕೇಳದಿದ್ದರೂ ಸೋತೆ.

ಈ ಕಾನೂನನ್ನು ಕಿತ್ತುಹಾಕಿ. ಗೋದಾಮು ತೆರೆದು ಅವರವರ ಚಿತ್ರ ಅವರವರಿಗೆ ಕೊಡಿ. ಅಷ್ಟು ಧೈರ್ಯ ತಮಗಿಲ್ಲವಾದರೆ ಪರೀಕ್ಷಕರನ್ನು ಮತ್ತೆ ಕರೆಸಿ, ತುಟಿ ಸೊಟ್ಟಗಿದೆ ಎಂದು ಬರೆಸಿ. ನಪಾಸು ಮಾಡಲು ಅಷ್ಟು ಸಾಕು.

ಇಂತಿ,
ತಮ್ಮ ಶಾಲೆಯ ಪ್ರಥಮ ದರ್ಜೆಯ ಸೊತ್ತು,
ಶ್ರೀರಾಮುಲು, ನಾರಾಯಣಪೇಟೆ