ಹಗಲಿನ ಕರೆಂಟು, ರಾತ್ರಿಯ ಕರೆಂಟು

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯಪ್ಪಾ? ನಿನ್ನ ಹೆಂಡತಿಯ ಮಂಡಿನೋವು ಕಡಿಮೆಯಾಯಿತೇ? ನಿನ್ನ ಮಗ ಗುಂಡನ ಕೆಮ್ಮು ನಿಂತಿತೇ? ನೀನು ಇಲ್ಲಿಗೆ ಬರುವುದು ಬಿಟ್ಟ ಮೇಲೆ ನಿನ್ನ ವಿಳಾಸ ಯಾರ ಬಳಿಯೂ ಇಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ಸೊಸೆ ತಾರಸಿಯ ಮೇಲೆ ಸೋಲಾರ್ ಹಾಕಿಸಿದಳು. ಹಗ್ಗ ಕಂಡರೂ ಹಾವೆನ್ನುವ ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಒಣಹಾಕಿದ್ದ ಬಟ್ಟೆಯನ್ನೆಲ್ಲ ಕೆಳಗೆ ತಂದೆ.

"ಇದರಿಂದ ಮೈಗೇನೂ ಆಗಲ್ವೇನಪ್ಪಾ?" ಎಂದು ಅದನ್ನು ಕೂರಿಸಲು ಬಂದಿದ್ದ ಕೆಲಸದವನನ್ನು ಕೇಳಿದೆ.

"ಬಿಸಿಲಿಗೂ ಹೆದರ್ತೀರಾ ಅಜ್ಜಿ?" ಎಂದು ನಕ್ಕ.

"ನಗಬೇಡ. ಕತ್ತಲಾದ್ಮೇಲೆ ಏನು ಗತಿ?"

"ಅದಕ್ಕೆ ಅಣುಸ್ಥಾವರ ಇದೆಯಲ್ಲ. ಬಿಸಿಲಿರೋವರೆಗೆ ನಮ್ಮ ಜೋರು, ಆಮೇಲೆ ಅವರೇ ಕಾಯಬೇಕು."

ನೀನು ದುಡಿಯುವ ಜಾಗದ ಬಗ್ಗೆ ಈ ಮನೆಯಲ್ಲಿ ಒಳ್ಳೆಯ ಮಾತು ಕೇಳಿದ್ದು ಇದೇ ಮೊದಲು. ಅವನಿಗೆ ಕುಡಿಯಲು ನೀರು ಕೊಟ್ಟೆ. ನೀನು ಸ್ಥಾವರದಿಂದ ಬಂದಾಗಲೆಲ್ಲ ವಿಕಿರಣದ ಹೆದರಿಕೆಗೆ ನಿನ್ನ ಲೋಟವನ್ನು ಬೇರೆ ಇಡುತ್ತಿದ್ದಂತೆ, ಅವನು ಕುಡಿದ ಲೋಟವನ್ನು ನನ್ನ ಕೈ ತಾನಾಗಿಯೇ ಬೇರೆ ಇಟ್ಟಿತು.

"ಯಾಕತ್ತೆ, ಅದೊಂದೇ ಬೇರೆ?" ಎಂದಳು ಸೊಸೆ.

ನಾನು ಅದೇ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದೆ.

ಈ ಕಡೆ ಬಂದರೆ ಊಟ ಮಾಡಿಯೇ ಹೋಗು. ಬೇಗ ಒಂದು ಸಾಲಾದರೂ ಬರೆಯಪ್ಪಾ.

ನಿನ್ನ ಅಕ್ಕ